ಮಸ್ಟಾಂಗ್ ಮ್ಯಾನುಯಲ್: ಏನೂ ಮುರೀದೆ ಬರ್ನ್‌ಔಟ್ ಮಾಡೋದು ಹೇಗೆ?

ಕಾಲುಮೈಲಿ:
2018ರ ಮಸ್ಟಾಂಗ್ ಜಿಟಿ, 6 ಸ್ಪೀಡ್ ಮ್ಯಾನುಯಲ್. ಎಂಜಿನ್, ಕ್ಲಚ್ ಎರಡೂ ಕಂಪನಿಯದ್ದೇ. ಹಿಂದಕ್ಕೆ ಮಾತ್ರ ಡ್ರ್ಯಾಗ್ ರೇಡಿಯಲ್ (ರೇಸಿಗೆ ಮಾಡಿದ ಮೆತ್ತನೆ ರಬ್ಬರಿನ ಟೈರು). ಕ್ಯಾಲಿಫೋರ್ನಿಯಾದ ಸೊನೋಮಾ ಟ್ರ್ಯಾಕಿನಲ್ಲಿ ಬುಧವಾರ ರಾತ್ರಿಯ ಡ್ರ್ಯಾಗ್ಸ್‌ಗೆ (ನೇರ ದಾರಿಯ ರೇಸು) ಇಳಿಸಬೇಕು ಅಂತಿದೆ. ಓಟಕ್ಕೆ ಮುಂಚೆ ಟೈರನ್ನು ನಿಂತಲ್ಲೇ ಸುತ್ತಿಸಿ ಬಿಸಿ ಮಾಡೋ ಬರ್ನ್‌ಔಟ್‌ಗೆ ನೀರಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವ ಗೇರು, ಲೈನ್ ಲಾಕ್ (ಮುಂದಿನ ಬ್ರೇಕ್ ಮಾತ್ರ ಹಿಡಿದಿಡೋ ಸೌಲಭ್ಯ) ಬಿಡೋದು ಯಾವಾಗ? ಹೊಗೆಯ ಫೋಟೋ ಬೇಡ, ಡಿಫರೆನ್ಷಿಯಲ್ (ಎರಡು ಹಿಂದಿನ ಚಕ್ರಕ್ಕೂ ಶಕ್ತಿ ಹಂಚೋ ಗೇರುಪೆಟ್ಟಿಗೆ) ಉಳಿದರೆ ಸಾಕು.

ಆಕ್ಸಲ್ ಅಣ್ಣ:
ಚಕ್ರ ಸುತ್ತುತ್ತಿರುವಾಗ ಏನೂ ಮುರಿಯಲ್ಲ ಸರ್, ಅದು ತಟ್ಟನೆ ನೆಲ ಕಚ್ಚಿಕೊಂಡಾಗ ಮುರಿಯುತ್ತೆ. ಇದೊಂದು ತಲೆಯಲ್ಲಿರಲಿ.

ನೀರಿನ ಗುಂಡಿಗೆ ಇಳಿಯದೆ ಪಕ್ಕದಿಂದ ಮುಂದೆ ಹೋಗಿ, ಹಿಂದಿನ ಟೈರು ಮಾತ್ರ ನೆನೆಯುವಷ್ಟು ರಿವರ್ಸ್ ಬನ್ನಿ. ಮುಂದಿನ ಟೈರು ಒಣಗಿಯೇ ಇರಲಿ, ಲೈನ್ ಲಾಕ್‌ನಲ್ಲಿ ಕಾರು ನಿಲ್ಲೋದು ಅವುಗಳ ಹಿಡಿತದ ಮೇಲೆ. ಟೈರು ಒಂದು ಸುತ್ತು ಒದ್ದೆಯಾದ ಮೇಲೆ ಮುಂದಕ್ಕೆ ಜರುಗಿ, ನೆಲ ಬರೀ ತೇವ ಇರುವ ಅಂಚಿನಲ್ಲಿ ನಿಲ್ಲಿಸಿ. ನಿಂತ ನೀರಲ್ಲೇ ಸುತ್ತಿಸಿದರೆ ರಬ್ಬರು ಬಿಸಿಯಾಗಲ್ಲ. ನೀರು ಮಡ್‌ಗಾರ್ಡ್ ಒಳಗೆ ಎರಚಿ, ಆಮೇಲೆ ಸ್ಟಾರ್ಟ್ ಲೈನ್ ಮೇಲೆ ತೊಟ್ಟಿಕ್ಕುತ್ತೆ. ಹಿಂದೆ ಸಾಲಿನಲ್ಲಿ ನಿಂತವರು ಅದಕ್ಕೆ ಬೈಯದೇ ಬಿಡಲ್ಲ.

ಟ್ರ್ಯಾಕ್ಷನ್ ಕಂಟ್ರೋಲ್ ಬಟನ್ ಒಮ್ಮೆ ಒತ್ತಿದರೆ ಸಾಲದು, ಸ್ಟೆಬಿಲಿಟಿಯೂ ಆಫ್ ಅಂತ ಮೀಟರಲ್ಲಿ ಬರೋವರೆಗೆ ಒತ್ತಿ ಹಿಡೀಬೇಕು. ಆಮೇಲೆ ಮೀಟರಿನ ಟ್ರ್ಯಾಕ್ ಆ್ಯಪ್ಸ್ ಮೆನುವಿನಲ್ಲಿ ಲೈನ್ ಲಾಕ್ ಆರಿಸಿ. ಬ್ರೇಕ್ ಗಟ್ಟಿಯಾಗಿ ತುಳಿದು, ಸ್ಟಿಯರಿಂಗ್ ಮೇಲಿನ ಓಕೆ ಒತ್ತಿ, ಬ್ರೇಕ್ ಬಿಡಿ. ಮುಂದಿನ ಬ್ರೇಕು ಕಚ್ಚಿಕೊಂಡೇ ಇರುತ್ತೆ.

ಗೇರು ಎರಡನೆಯದು. ಒಂದರಲ್ಲಿ ಮಾಡಿದರೆ ಚಕ್ರಕ್ಕೆ ವೇಗ ಬರೋ ಮೊದಲೇ ಎಂಜಿನ್ ಲಿಮಿಟರ್‌ಗೆ (ಆರ್‌ಪಿಎಂನ ಗರಿಷ್ಠ ಮಿತಿಗೆ) ಹೋಗಿ ಬಡಿಯುತ್ತೆ. 4000 ಆರ್‌ಪಿಎಂ ಹತ್ತಿರ ಇಟ್ಟು, ಕ್ಲಚ್ ಪೆಡಲ್ ಮೇಲಿಂದ ಕಾಲನ್ನು ಪಕ್ಕಕ್ಕೆ ಜಾರಿಸಿಬಿಡಿ. ಹಾಫ್ ಕ್ಲಚ್ ಮಾಡ್ತಾ ಕೂತರೆ ಟೈರಿನ ಬದಲು ಕ್ಲಚ್ ಪ್ಲೇಟೇ ಸುಡುತ್ತೆ. ನೆಲ ತೇವ ಇರೋದ್ರಿಂದ ಟೈರು ಸುಲಭವಾಗಿ ಬಿಟ್ಟುಕೊಡುತ್ತೆ, ಹೆದರಬೇಡಿ. ನಂತರ 4500–5500ರಲ್ಲಿ ಒಂದೇ ಸಮ ಹಿಡಿಯಿರಿ. ಕಾಲು ಎತ್ತಿ ಮತ್ತೆ ತುಳಿಯೋ ಆಟ ಬೇಡ.

ಡ್ರ್ಯಾಗ್ ರೇಡಿಯಲ್‌ಗೆ 3–5 ಸೆಕೆಂಡು ಧಾರಾಳವಾಯ್ತು. ಕನ್ನಡಿಯಲ್ಲಿ ಎರಡೂ ಕಡೆ ತೆಳು ಹೊಗೆ ಎದ್ದ ಕೂಡಲೇ, ಚಕ್ರ ಇನ್ನೂ ಸುತ್ತುತ್ತಿರುವಾಗಲೇ, ಓಕೆ ಒತ್ತಿ ಲಾಕ್ ಬಿಡಿ. ಕಾರು ತಾನಾಗಿ ಮುಂದೆ ಉರುಳುತ್ತೆ. ಆಗ ಆಕ್ಸಿಲರೇಟರ್ ನಿಧಾನ ಸಡಿಲಿಸಿ ಕ್ಲಚ್ ತುಳಿಯಿರಿ. ಬ್ರೇಕ್ ಮುಟ್ಟಬೇಡಿ. ನೀರಿನಾಚೆಯ ನೆಲಕ್ಕೆ ಅಂಟು ಹೊಡೆದಿರ್ತಾರೆ, ಚಪ್ಪಲಿ ಕಿತ್ತು ಬರೋಷ್ಟು. ಪೂರ್ತಿ ರೇಸ್ ಕೊಟ್ಟುಕೊಂಡೇ ಅದರ ಮೇಲೆ ಹತ್ತಿದರೆ ಚಕ್ರ, ಡ್ರೈವ್‌ಶಾಫ್ಟ್, ಫ್ಲೈವ್ಹೀಲ್ ಮೂರರ ಓಟವೂ ಒಟ್ಟಿಗೆ ಹಾಫ್ ಶಾಫ್ಟ್ (ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗೋ ಸರಳು) ಮೇಲೆ ಬೀಳುತ್ತೆ.

ಪಿಎಸ್‌ಐ ಪುಟ್ಟಸ್ವಾಮಿ:
ಗಾಳಿಯ ವಿಷಯ ಬಿಟ್ಟುಹೋಯ್ತು. ಈ ತೂಕದ ಕಾರಿಗೆ ಹಿಂದಿನ ಟೈರಿನಲ್ಲಿ 18–20 ಪಿಎಸ್‌ಐನಿಂದ (ಗಾಳಿಯ ಒತ್ತಡದ ಅಳತೆ) ಶುರು ಮಾಡಿ, ಒಂದೊಂದೇ ಪಿಎಸ್‌ಐ ಬದಲಿಸಿ ನೋಡಿ. ಬರ್ನ್‌ಔಟ್ ಆದ ಮೇಲೆ ಗಾಳಿ ಏರುತ್ತೆ, ಹಾಗಾಗಿ ಪ್ರತಿ ಓಟಕ್ಕೂ ಮೊದಲು ಒಂದೇ ಹಂತದಲ್ಲಿ ಅಳೆಯಿರಿ. ಮನೆಗೆ ಹೊರಡೋ ಮುಂಚೆ ಮತ್ತೆ ತುಂಬಿಸೋದು ಮರೀಬೇಡಿ.

ಇದನ್ನೇ ಓದಿ ರೋಡ್ ಟೈರಲ್ಲಿ ಮಾಡೋಕೆ ಹೊರಟವರು ಯಾರಾದರೂ ಇದ್ದರೆ: ನೀರಿಗೇ ಹೋಗಬೇಡಿ. ಆ ಟೈರಿನ ಗೀರುಗಳು ನೀರನ್ನು ಹೊತ್ತು ತರುತ್ತವೆ. ಪಕ್ಕದಿಂದ ಹೋಗಿ, ಅಂಟಿದ ಕಲ್ಲು-ಮರಳು ಉದುರುವಷ್ಟು ಒಂದು ಸೆಕೆಂಡು ಸುತ್ತಿಸಿದರೆ ಮುಗೀತು. ಜಾಸ್ತಿ ಬಿಸಿಯಾದರೆ ಆ ರಬ್ಬರು ಅಂಟಲ್ಲ, ಜಿಡ್ಡಾಗಿ ಜಾರುತ್ತೆ.

ಸಿವಿಕ್ ಸೀನ:
ಲೈನ್ ಲಾಕ್ ಇಲ್ಲದ ಕಾರಿಗೆ ಹ್ಯಾಂಡ್‌ಬ್ರೇಕ್ ನಡೆಯುತ್ತಾ?

ಆಕ್ಸಲ್ ಅಣ್ಣ:
ಸೀನ, ನಿಮ್ಮದು ಫ್ರಂಟ್ ವ್ಹೀಲ್ ಡ್ರೈವ್, ಅದಕ್ಕೆ ಹ್ಯಾಂಡ್‌ಬ್ರೇಕೇ ಸರಿ. ಸ್ಟಿಯರಿಂಗ್ ಮಾತ್ರ ನೇರ ಇರಲಿ, ತಿರುಗಿಸಿಟ್ಟರೆ ಸಿವಿ ಜಾಯಿಂಟ್ (ಮುಂದಿನ ಚಕ್ರಕ್ಕೆ ಶಕ್ತಿ ಕೊಡೋ ಬಾಗುವ ಕೀಲು) ಹೋಗುತ್ತೆ. ರಿಯರ್ ವ್ಹೀಲ್ ಡ್ರೈವಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದೇ ಸುತ್ತಬೇಕಾದ ಚಕ್ರವನ್ನ, ಅಲ್ಲಿ ಅದು ಕೆಲಸಕ್ಕೆ ಬಾರದು. ಹಳೇ ಕಾರಿಗೆ ಮುಂದಿನ ಬ್ರೇಕ್ ಲೈನಿಗೆ ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚೋ ವಾಲ್ವ್) ಕೂರಿಸೋ ಕಿಟ್ ಸಿಗುತ್ತೆ. ಕೆಲಸ ಮುಗಿದ ಮೇಲೆ ಬ್ರೇಕ್ ಲೈನಿನ ಗಾಳಿ ಪೂರ್ತಿ ತೆಗೆಯಲೇಬೇಕು.

ಓಪನ್ ಡಿಫರೆನ್ಷಿಯಲ್ (ಎರಡು ಚಕ್ರವನ್ನೂ ಒಟ್ಟಿಗೆ ಹಿಡಿದಿಡದ ಮಾಮೂಲಿ ಬಗೆ) ಇದ್ದು ಒಂದೇ ಚಕ್ರ ಸುತ್ತುತ್ತಿದ್ದರೆ ತಕ್ಷಣ ನಿಲ್ಲಿಸಿ, ಒಳಗಿನ ಚಿಕ್ಕ ಗೇರುಗಳು ಪಿನ್ನಿನ ಮೇಲೆ ಒಣಗಿ ಕಚ್ಚಿಕೊಳ್ಳುತ್ತವೆ. ಆಲ್ ವ್ಹೀಲ್ ಡ್ರೈವ್‌ನಲ್ಲಿ ಬರ್ನ್‌ಔಟ್ ಬೇಡವೇ ಬೇಡ.

ಕಾಲುಮೈಲಿ:
ಲೈನ್ ಲಾಕ್ ತಾನಾಗಿ ಬಿಟ್ಟುಬಿಡುತ್ತೆ ಅಂತಾರಲ್ಲ, ನಿಜವೇ?

ಪಿಎಸ್‌ಐ ಪುಟ್ಟಸ್ವಾಮಿ:
ನಿಜ, 15 ಸೆಕೆಂಡಿಗೆ. ಅಷ್ಟು ಹೊತ್ತು ಬೇಕಾಗೋದೂ ಇಲ್ಲ. ಆದರೆ ಓಕೆ ಒತ್ತಿದ ಮೇಲೆ ಗೇರು ಹುಡುಕ್ತಾ ಕೂತರೆ ಅದರಲ್ಲೇ ಅರ್ಧ ಹೋಗುತ್ತೆ. ಸಾಲಲ್ಲಿ ಕಾಯುವಾಗಲೇ ಮೆನು ತೆರೆದಿಟ್ಟುಕೊಳ್ಳಿ, ಎರಡನೇ ಗೇರು ಹಾಕಿ ಕ್ಲಚ್ ತುಳಿದಿಟ್ಟ ಮೇಲೆಯೇ ಲಾಕ್ ಮಾಡಿ. ಬರ್ನ್‌ಔಟ್ ಮುಗಿದ ಮೇಲೆ ಒಂದನೇ ಗೇರಿಗೆ ಬರೋದು ಮರೆತು ಎರಡರಲ್ಲೇ ಸ್ಟಾರ್ಟ್ ಲೈನಿಗೆ ಹೋಗಿ ನಿಲ್ಲೋರು ಬಹಳ ಜನ.