ಹಸುಗೂಸಿನ ರಕ್ತದಾಗ ಕೊಬ್ಬು: ಮಕ್ಕಳ ಡಾಕ್ಟರಿಗೆ ಪ್ರಶ್ನೆ

ಅಡ್ಮಿನ್, ಬಾಗಲಕೋಟಿ: ಇವತ್ತಿನ ವಿಷಯ ಹಸುಗೂಸಿನ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬು. ಕೂಸಿನ ವಯಸ್ಸು ದಿನದ ಲೆಕ್ಕದಾಗ ಬರೀರಿ. ಫಾರ್ವರ್ಡ್ ಹಾಕಬ್ಯಾಡ್ರಿ.

ಇಳಕಲ್ ತಾಯಿ: ನಮಸ್ಕಾರ ಸರ್. ಕೂಸು 5 ದಿನದ್ದು. ನಮ್ಮ ಮನಿತನದಾಗ ಭಾಳ ಮಂದಿಗೆ ಕೊಲೆಸ್ಟ್ರಾಲ್ ಐತಿ. ಕೂಸಿಗೆ ಈಗ ಟೆಸ್ಟ್ ಮಾಡಿಸಬೇಕೇನ್ರಿ?

ಡಾಕ್ಟರ್: ಬ್ಯಾಡವಾ. ಹುಟ್ಟಿದಾಗ ಹೊಕ್ಕಳಬಳ್ಳಿ ರಕ್ತದಾಗ ಒಟ್ಟು ಕೊಲೆಸ್ಟ್ರಾಲ್ ಸುಮಾರು 60–70 ಇರತೈತಿ. ಎದಿಹಾಲು ಸುರು ಆದಮ್ಯಾಲ ಏರತೈತಿ, ಅದು ರೋಗ ಅಲ್ಲ. ಮೊದಲು ನೀವಿಬ್ಬರೂ ನಿಮ್ಮ ಕೆಟ್ಟ ಕೊಲೆಸ್ಟ್ರಾಲ್, ಅಂದ್ರ ಎಲ್‌ಡಿಎಲ್ ನೋಡಿಸ್ಕೋರಿ. ಇಬ್ಬರದೂ 190 ದಾಟಿದ್ರ ಕೂಸಿನ ವಿಚಾರ ಬ್ಯಾರೆ. ಇಲ್ಲಾಂದ್ರ 2 ವರ್ಷ ಆದಮ್ಯಾಲ ಸಾಕು.

ಗೋಕಾಕ ಅಪ್ಪ: ಸರ್, 12 ದಿನದ ಕೂಸಿಗೆ ಟೆಸ್ಟ್ ಬೇಕಾ?

ಡಾಕ್ಟರ್: ಮ್ಯಾಲಿಂದು ಓದ್ರಿ.

ಸಿಂದಗಿ ಅಪ್ಪ: ಕೂಸು 44 ದಿನ. ಕೊಲೆಸ್ಟ್ರಾಲ್ 260 ಬಂದೈತ್ರಿ. ಕಣ್ಣು ಇನ್ನೂ ಹಳದಿ ಅದಾವು.

ಡಾಕ್ಟರ್: ಸಂಡಾಸದ ಬಣ್ಣ ಏನು? ಉಚ್ಚಿ ಅರಿವಿ ಮ್ಯಾಲ ಹಳದಿ ಕಲಿ ಬಿಡತೈತೇನು? ಮೊದಲು ಇದು ಹೇಳ್ರಿ.

ಜಮಖಂಡಿ ಕಾಕಾ: ತಮ್ಮನ ಕೂಸು, 23 ದಿನ. ಜ್ವರ ಬಂತಂತ ರಕ್ತ ತಗದ್ರು. ನಳಿಗ್ಯಾಗ ಗುಲಾಬಿ ಹಾಲಿನಂಗ ಕಂಡಿತಂತ. ಟ್ರೈಗ್ಲಿಸರೈಡ್ 3,800, ಸೋಡಿಯಂ 121. ಮಷಿನ್ ತಪ್ಪು ಇರಬೇಕು, ವಾರ ಬಿಟ್ಟು ನೋಡೋಣು ಅಂದಾರ. ತಮ್ಮ ಅಕ್ಕನ ಮಗಳನ್ನ ಮಾಡ್ಕೊಂಡಾನ್ರಿ.

ಡಾಕ್ಟರ್: ವಾರ ಬಿಡಬ್ಯಾಡ್ರಿ, ಇವತ್ತ ಹೊರಡ್ರಿ. ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಬಂದ್ರ ಅದೊಂದಕ್ಕ ಅಡ್ಮಿಟ್ ಮಾಡಬೇಕು. ಬಾಗಲಕೋಟಿ ಇಲ್ಲಾ ಬೆಳಗಾವಿ, ಮೆಡಿಕಲ್ ಕಾಲೇಜಿನ ನವಜಾತ ಶಿಶು ವಿಭಾಗಕ್ಕ ಹೋಗ್ರಿ.

ರಕ್ತ ತಗಿಯುವಾಗ ಕೂಸಿಗೆ ಕೊಬ್ಬಿನ ಡ್ರಿಪ್ ಹಚ್ಚಿದ್ರೇನು? ಅದೇ ಲೈನಿನಿಂದ ತಗದಿದ್ರ ಅಂಕಿ ಸುಳ್ಳು. ಡ್ರಿಪ್ ಇರಲಿಲ್ಲಾಂದ್ರ ಖರೇ ಅಂತ ಹಿಡೀರಿ. ಲ್ಯಾಬಿಗೆ ಹೇಳಿ ಆ ನಳಿಗಿ ರಾತ್ರಿಪೂರ್ತಿ ಫ್ರಿಜ್ಜಿನ್ಯಾಗ ನೆಟ್ಟಗ ಇಡಸ್ರಿ, ಫ್ರೀಜರಿನ್ಯಾಗ ಅಲ್ಲ. ಮುಂಜಾನೆ ಮ್ಯಾಲ ಕೆನಿ ಕಟ್ಟಿ ಕೆಳಗ ತಿಳಿ ಆಗಿದ್ರ ಅದು ಕೈಲೋಮೈಕ್ರಾನ್, ಅಂದ್ರ ಹಾಲಿನ ಕೊಬ್ಬನ್ನ ಕರುಳಿಂದ ರಕ್ತಕ್ಕ ಹೊತ್ತು ತರೋ ಕಣ. ಹಾಲಿನ ಕೊಬ್ಬನ್ನ ರಕ್ತದಾಗ ಕರಗಿಸೋ ಲೈಪೋಪ್ರೋಟೀನ್ ಲೈಪೇಸ್ ಅನ್ನೋ ಕಿಣ್ವ ಕೆಲಸ ಮಾಡವಲ್ದು ಅನ್ನೋ ಸಂಶಯ ಗಟ್ಟಿ ಆಗತೈತಿ.

ಆ 121ರ ಮ್ಯಾಲ ಯಾರೂ ಉಪ್ಪಿನ ಡ್ರಿಪ್ ಏರಿಸಬಾರದು. ಕೊಬ್ಬು ರಕ್ತದಾಗ ಜಾಗ ಹಿಡದಾಗ ಲ್ಯಾಬಿನ ದೊಡ್ಡ ಮಷಿನ್ ಸೋಡಿಯಂ ಕಡಿಮಿ ತೋರಸತೈತಿ. ಬ್ಲಡ್ ಗ್ಯಾಸ್ ಮಷಿನ್ನಿನ್ಯಾಗ ಮತ್ತ ನೋಡಸ್ರಿ. ಹಿಮೋಗ್ಲೋಬಿನ್ನೂ ಸುಳ್ಳು ಹೆಚ್ಚು ಬರಬಹುದು.

ಟ್ರೈಗ್ಲಿಸರೈಡ್ 1,000 ದಾಟಿದ್ರ ಮೇದೋಜೀರಕ ಗ್ರಂಥಿ ಉರಿಯೂತದ ಭಯ. ಹಾಲು ಬಿಡೋದು, ಪದೇ ಪದೇ ವಾಂತಿ, ಹೊಟ್ಟಿ ಉಬ್ಬೋದು, ಸುಮ್ಮನಾಗದ ಅಳು ಕಂಡ್ರ ದಾರ್‍ಯಾಗ ಎಲ್ಲೂ ನಿಲ್ಲಬ್ಯಾಡ್ರಿ. ಕುಂಡಿ, ಮೊಣಕೈ ಮ್ಯಾಲ ಸಣ್ಣ ಹಳದಿ ಗುಳ್ಳಿ ಅದಾವೇನು ನೋಡ್ರಿ.

ಎದಿಹಾಲು ಮನ್ಯಾಗ ನೀವಾಗಿ ನಿಲ್ಲಿಸಬ್ಯಾಡ್ರಿ. ದವಾಖಾನ್ಯಾಗ ಅವರು ಬದಲಿಗೆ ಎಂಸಿಟಿ (ಮಧ್ಯಮ ಸರಪಳಿ ಕೊಬ್ಬು) ಇರೋ, ಬ್ಯಾರೆ ಕೊಬ್ಬು ಕಡಿಮಿ ಇರೋ ಪುಡಿಹಾಲು ಕೊಡಬಹುದು. ಆ ಕೊಬ್ಬು ಕರುಳಿಂದ ನೇರ ಯಕೃತ್ತಿಗೆ ಹೋಗತೈತಿ, ಕೈಲೋಮೈಕ್ರಾನ್ ಆಗೂದಿಲ್ಲ. ಕೆಲವು ದಿನದಾಗ ಅಂಕಿ ದಡದಡ ಇಳಿದ್ರ ಅದೇ ಒಂದು ಸುಳಿವು. ಅಲ್ಲೀತನಕ ತಾಯಿ ಹಾಲು ಹಿಂಡಿ ತಗೀತಿರಲಿ, ಇಲ್ಲಾಂದ್ರ ಬತ್ತತೈತಿ. ಕಡೀಕ ಜೀನ್ ಪರೀಕ್ಷೆ.

ಬೈಲಹೊಂಗಲ: ಎಂಸಿಟಿ ಅಂದ್ರ ಕೊಬ್ಬರಿ ಎಣ್ಣಿ ಅಲ್ಲೇನ್ರಿ? ಎರಡು ಚಮಚ ಕುಡಿಸಿದ್ರ ಆತು.

ಡಾಕ್ಟರ್: ಕುಡಿಸಬ್ಯಾಡ್ರಿ! ಕೊಬ್ಬರಿ ಎಣ್ಣ್ಯಾಗ ಹತ್ತತ್ರ ಅರ್ಧ ಲಾರಿಕ್ ಆಮ್ಲ, ಅದು ಬಹಳಷ್ಟು ಉದ್ದ ಸರಪಳಿ ಕೊಬ್ಬಿನಂಗ ನಡಕೊಳ್ಳತೈತಿ. ಎಣ್ಣಿ ಶ್ವಾಸಕ್ಕ ಇಳಿದ್ರ ನ್ಯುಮೋನಿಯಾ.

ಹುನಗುಂದ: ಫಾರ್ವರ್ಡ್ ಬಂದೈತಿ: "ಬೆಳ್ಳುಳ್ಳಿ ರಸ 3 ಹನಿ, ಜೇನು ಕಲಸಿ ನೆಕ್ಕಿಸಿದ್ರ 7 ದಿನದಾಗ ಕೊಬ್ಬು ಕರಗತೈತಿ."

ಡಾಕ್ಟರ್: ಅಳಸ್ರಿ ಇದನ್ನ. ವರ್ಷದೊಳಗಿನ ಕೂಸಿಗೆ ಜೇನು ಅಂದ್ರ ಬೊಟುಲಿಸಂ ಅಪಾಯ, ಕೂಸು ಜೋತು ಬೀಳತೈತಿ, ಉಸಿರು ನಿಲ್ಲಬಹುದು. ಬೆಳ್ಳುಳ್ಳಿ ರಸ ಬಾಯಿ ಸುಡತೈತಿ. ಕಳಿಸಿದವರಿಗೂ ಇದನ್ನ ಹೇಳ್ರಿ.

ಮುಧೋಳ ಅಜ್ಜಿ: ಬಾಣಂತಿಗೆ ತುಪ್ಪ, ಅಂಟಿನ ಉಂಡಿ ಹೆಚ್ಚಾಗಿರಬೇಕು ತಮ್ಮಾ.

ಡಾಕ್ಟರ್: ಇಲ್ಲಬೇ. ತಾಯಿ ತಿಂದದ್ದರಿಂದ ಹಾಲಿನ ಕೊಬ್ಬಿನ ಜಾತಿ ಬದಲಾಗತೈತಿ, 3,800 ಆಗೂದಿಲ್ಲ.

ರಬಕವಿ: ಒಳಗಿಂದೊಳಗ ಕೊಟ್ಟು ತಗೊಂಡ್ರ ಹಿಂಗ ಆಗೂದು. ಎಷ್ಟು ಹೇಳಿದ್ರೂ ಕೇಳೂದಿಲ್ಲ.

ತೇರದಾಳ: ನಮ್ಮನ್ಯಾಗ ಮೂರು ತಲಿಮಾರು ಅಕ್ಕನ ಮಗಳನ್ನ ತಂದೀವಿ, ಎಲ್ಲಾರೂ ಗಟ್ಟಿ ಅದಾರ. ಬಾಯಿಗೆ ಬಂದಂಗ ಬರೀಬ್ಯಾಡ.

ರಬಕವಿ: ಗಟ್ಟಿ ಇದ್ದವರನ್ನಷ್ಟ ಎಣಿಸಿದ್ರ ಹಂಗ ಕಾಣತೈತಿ.

ತೇರದಾಳ: ನೀ ಏನು ಡಾಕ್ಟರಾ?

ಡಾಕ್ಟರ್: ಕೂಸಿನ ಮನಿಯವರು ಓದಾಕತ್ತಾರ, ಖಬರ್ ಇರಲಿ. ಒಂದೇ ಕೆಟ್ಟ ಜೀನ್ ಅಪ್ಪ-ಅವ್ವ ಇಬ್ಬರ ಹಂತ್ಯಾಕೂ ಇದ್ರ ಪ್ರತಿ ಬಸಿರಿಗೂ 4ರಾಗ 1 ಸಾಧ್ಯತೆ. ರಕ್ತಸಂಬಂಧದಾಗ ಇಬ್ಬರ ಕಡೆನೂ ಒಂದೇ ಜೀನ್ ಇರೋದು ಹೆಚ್ಚು. ಮೂರು ತಲಿಮಾರು ಪಾರಾದ್ರೂ ನಾಲ್ಕನೇದಕ್ಕ ಖಾತ್ರಿ ಇಲ್ಲ.

ಬಸವನ ಬಾಗೇವಾಡಿ: ಸರ್, ಲೈಪೋಪ್ರೋಟೀನ್ (ಎ) ಹಸುಗೂಸಿಗೆ ನೋಡಬಹುದಾ?

ಚಿಕ್ಕೋಡಿ: ನಿಮ್ಮ ಕ್ಲಿನಿಕ್ ಎಷ್ಟಕ್ಕ ತಗೀತೀರಿ?

ಅಥಣಿ: 8 ದಿನದ ಕೂಸಿಗೆ ಕೊಲೆಸ್ಟ್ರಾಲ್ ಟೆಸ್ಟ್...

ಡಾಕ್ಟರ್: ಮೂರನೇ ಸಲ. ಮ್ಯಾಲ ಐತಿ. ಸಿಂದಗಿಯವರು ಎಲ್ಲಿ ಹೋದ್ರಿ? ಸಂಡಾಸದ ಬಣ್ಣ ಕೇಳೀನಿ.

ಸಿಂದಗಿ ಅಪ್ಪ: ಬೆಳ್ಳಗ ಐತ್ರಿ. ಉಚ್ಚಿ ಹಳದಿ ಕಲಿ ಬಿಡತೈತಿ. ಬಿಸಿಲಿಗೆ ಹಿಡೀರಿ ಅಂದಾರ.

ಡಾಕ್ಟರ್: ಬಿಸಿಲು ಬಿಡ್ರಿ. ಪಿತ್ತ ಹೊರಗ ಹೋಗದ ರಕ್ತದಾಗ ಕೂಡಾಕತ್ತೈತಿ, ಕೊಲೆಸ್ಟ್ರಾಲ್ ಅದರ ಜೋಡಿ ಏರೈತಿ. ನಾಳೆ ಮುಂಜಾನೆ ವಿಜಯಪುರಕ್ಕ ಹೋಗಿ ನೇರ ಬಿಲಿರುಬಿನ್ (ಪಿತ್ತದ ಹಳದಿ ಬಣ್ಣದ ರಕ್ತ ಪರೀಕ್ಷೆ), ಹೊಟ್ಟಿ ಸ್ಕ್ಯಾನ್ ಮಾಡಸ್ರಿ. ಪಿತ್ತನಾಳ ಮುಚ್ಚಿದ್ದಾದ್ರ ಕರುಳನ್ನ ಯಕೃತ್ತಿಗೆ ಜೋಡಿಸಿ ಪಿತ್ತಕ್ಕ ದಾರಿ ಮಾಡೋ ಕಸಾಯ್ ಆಪರೇಷನ್ 60 ದಿನದೊಳಗ ಆಗಬೇಕು. ನಿಮ್ಮ ಹಂತ್ಯಾಕ 16 ದಿನ ಅದಾವು.