ಪ್ರಪಂಚದ ದೊಡ್ಡ ಸಮಸ್ಯೆಗಳ ಬಗ್ಗೆ ಮಕ್ಕಳ ಕೈಲಿ ಡಾಕ್ಯುಮೆಂಟರಿ ಮಾಡಿಸುವುದು ಹೇಗೆ?

ಹೈಸ್ಕೂಲ್ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ಸಲ ಚಾರ್ಟ್ ಬರೆಸುವುದು ಬಿಟ್ಟು, ಗುಂಪು ಗುಂಪಾಗಿ ಐದು ನಿಮಿಷದ ಡಾಕ್ಯುಮೆಂಟರಿ ಮಾಡಿ ಅಂತ ಹೇಳಿದ್ದೇನೆ. ಹವಾಮಾನ ಬದಲಾವಣೆ, ಸಮುದ್ರದ ಪ್ಲಾಸ್ಟಿಕ್, ನಿರಾಶ್ರಿತರು, ಇ-ತ್ಯಾಜ್ಯ. ಈ ವಿಷಯಗಳನ್ನು ಮಕ್ಕಳೇ ಆರಿಸಿಕೊಂಡರು.

ಮೊದಲ ಕರಡು ಬಂದಿದೆ. ಎಲ್ಲವೂ ಒಂದೇ ಥರ. ಇಂಟರ್ನೆಟ್‌ನಿಂದ ಇಳಿಸಿಕೊಂಡ ಹಿಮಕರಡಿ, ಹಿಂದೆ ಅಳುವಂಥ ಪಿಯಾನೊ, ಯಾರೋ ಬರೆದದ್ದನ್ನು ಓದುವ ದನಿ, ಕೊನೆಗೆ "ಬನ್ನಿ, ಭೂಮಿಯನ್ನು ಉಳಿಸೋಣ". ಮಕ್ಕಳು ಕಷ್ಟಪಟ್ಟಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟೆಲ್ಲಾ ಮಾಡುವಾಗ ಅವರು ಒಬ್ಬರನ್ನೂ ಭೇಟಿಯಾಗಿಲ್ಲ. ಯಾವ ಪ್ರಶ್ನೆಯೂ ಅವರನ್ನು ಕಾಡಿದ ಹಾಗೆ ಕಾಣಲಿಲ್ಲ.

ಹದಿನಾಲ್ಕು ವರ್ಷದ ಮಕ್ಕಳನ್ನು ಇಂಥ ವಿಷಯದ ಒಳಗೆ ಕರೆದುಕೊಂಡು ಹೋಗುವುದು ಹೇಗೆ? ನಮ್ಮ ಹತ್ತಿರ ಇರುವುದು ಫೋನ್ ಕ್ಯಾಮೆರಾ ಮಾತ್ರ. ಮತ್ತೆ, ಅಂಕ ಕೊಡುವುದು ಯಾವುದನ್ನು ನೋಡಿ?

ಎಡಿಟಿಂಗ್ ಟೇಬಲ್:

ನಾನು ಡಾಕ್ಯುಮೆಂಟರಿ ಎಡಿಟರ್. ಮಕ್ಕಳಿಗೆ ಕಾರ್ಯಾಗಾರವನ್ನೂ ನಡೆಸುತ್ತೇನೆ. ಇಂಥ ಕರಡು ಎಲ್ಲಾ ಕಡೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. "ಹವಾಮಾನ ಬದಲಾವಣೆ"ಯನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು. ಕ್ಯಾಮೆರಾಕ್ಕೆ ಸಿಗುವುದು ಒಂದು ಜಾಗದಲ್ಲಿ ಏನೋ ಕೆಲಸ ಮಾಡುತ್ತಿರುವ ಒಬ್ಬ ಮನುಷ್ಯ. ಅದಕ್ಕೇ ನಾನು ವಿಷಯದ ಹೆಸರನ್ನು ಬದಿಗಿಡಿಸಿ, ಒಂದು ವಸ್ತುವನ್ನು ಮೇಜಿನ ಮೇಲೆ ಇಡಿಸುತ್ತೇನೆ. ಇದು ಎಲ್ಲಿಂದ ಬಂತು? ಯಾರ ಯಾರ ಕೈ ದಾಟಿ ಬಂತು? ನಾವು ಬಿಸಾಡಿದ ಮೇಲೆ ಎಲ್ಲಿಗೆ ಹೋಗುತ್ತದೆ?

ನಿಮ್ಮ ಇ-ತ್ಯಾಜ್ಯದ ಗುಂಪಿಗೆ ಆ ವಸ್ತು ಕೈಯಲ್ಲೇ ಇದೆ. ಅವರು ಶೂಟ್ ಮಾಡುವ ಫೋನ್! ನನ್ನ ಒಂದು ಕಾರ್ಯಾಗಾರದಲ್ಲಿ ಒಬ್ಬ ಹುಡುಗಿ ಮೊಬೈಲ್ ರಿಪೇರಿ ಮಾಡುವವರ ಕೈಗಳನ್ನೇ ತುಂಬಾ ಹೊತ್ತು ಚಿತ್ರೀಕರಿಸಿದಳು. ಅವರು ಫೋನಿನ ಹಿಂಬದಿಗೆ ಬಿಸಿ ಗಾಳಿ ಬಿಟ್ಟು, ತೆಳುವಾದ ಪ್ಲಾಸ್ಟಿಕ್ ಚೂರನ್ನು ಅಂಚಿನಲ್ಲಿ ತೂರಿಸಿ, ನಿಧಾನವಾಗಿ ಮುಚ್ಚಳ ಬಿಡಿಸಿದರು. ಬ್ಯಾಟರಿ ಅಂಟಿಕೊಂಡು ಕೂತಿತ್ತು. "ಇದನ್ನ ಬಿಚ್ಚಬಾರದು ಅಂತಲೇ ಅಂಟಿಸಿರೋದು" ಅಂದರು. ಅಷ್ಟೇ. ಆ ಗುಂಪಿನ ಮಕ್ಕಳಿಗೆ ಆ ಮಾತು ಹಿಡಿದುಬಿಟ್ಟಿತು. ಹಾಗಂತ ತೀರ್ಮಾನ ಮಾಡಿದ್ದು ಯಾರು? ಬೇರೆ ದೇಶಗಳಲ್ಲಿ ಯಾರಾದರೂ ಇದನ್ನು ಕೇಳಿದ್ದಾರಾ? ಹುಡುಕಿದರು. ಫೋನಿನಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆಯುವಂತಿರಬೇಕು ಅಂತ ಯುರೋಪಿಯನ್ ಒಕ್ಕೂಟ 2023ರಲ್ಲಿ ನಿಯಮ ಮಾಡಿದೆ, ಅದು 2027ರಿಂದ ಜಾರಿಗೆ ಬರುತ್ತದೆ ಅಂತ ಅವರೇ ನನಗೆ ಬಂದು ಹೇಳಿದರು. ನಾನು ಪಾಠ ಮಾಡಿದ್ದರೆ ಇದು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿತ್ತು.

ಶುರು ಮಾಡುವುದಕ್ಕೆ ಒಂದು ಅಭ್ಯಾಸ ಹೇಳುತ್ತೇನೆ. 1895ರಲ್ಲಿ, ಸಿನಿಮಾ ಆಗಷ್ಟೇ ಹುಟ್ಟುತ್ತಿದ್ದಾಗ, ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು ತೋರಿಸಿದ ಚಿತ್ರಗಳು ಒಂದೊಂದೂ ಒಂದು ನಿಮಿಷದೊಳಗೆ ಮುಗಿಯುತ್ತಿದ್ದವು. ರೀಲ್ ಇದ್ದದ್ದೇ ಅಷ್ಟು. ಕ್ಯಾಮೆರಾ ಇಟ್ಟ ಕಡೆಯೇ ಇರುತ್ತಿತ್ತು. ಮಕ್ಕಳಿಗೂ ಅದನ್ನೇ ಹೇಳಿ: ಫೋನನ್ನು ಒಂದು ಕಡೆ ಇಟ್ಟು ಒಂದು ನಿಮಿಷ ರೆಕಾರ್ಡ್ ಮಾಡಿ. ಅಲುಗಾಡಿಸಬಾರದು, ಜೂಮ್ ಬೇಡ, ಮಾತು ಬೇಡ, ಸಂಗೀತ ಬೇಡ. ಆಮೇಲೆ ಎಲ್ಲರೂ ಕೂತು ನೋಡಿ. ಎಲ್ಲಿ ಇಟ್ಟರೆ ಏನು ಕಾಣುತ್ತದೆ, ಏನು ಬಿಟ್ಟುಹೋಗುತ್ತದೆ ಅನ್ನುವುದು ಆ ಒಂದು ನಿಮಿಷದಲ್ಲೇ ಗೊತ್ತಾಗುತ್ತದೆ.

ಫೋನಿನಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತದೆ, ಕೆಡುವುದು ಸೌಂಡ್. ಇನ್ನೊಂದು ಫೋನಿನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಮಾತಾಡುವವರ ಜೇಬಿನಲ್ಲಿ ಇಡಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎಡಿಟ್ ಮಾಡುವಾಗ ಎರಡನ್ನೂ ಹೊಂದಿಸಬಹುದು. ಫ್ಯಾನ್ ಆರಿಸಿ. ಮಾತು ಮುಗಿದ ಮೇಲೆ ಅರ್ಧ ನಿಮಿಷ ಸುಮ್ನೆ ಆ ಕೋಣೆಯ ಸದ್ದನ್ನು ಹಿಡಿದುಕೊಳ್ಳಿ, ಎಡಿಟಿಂಗ್‌ನಲ್ಲಿ ಬೇಕಾಗುತ್ತದೆ. ಉತ್ತರ ಮುಗಿಯಿತು ಅನಿಸಿದ ತಕ್ಷಣ ಮುಂದಿನ ಪ್ರಶ್ನೆಗೆ ಹಾರಬಾರದು. ಸ್ವಲ್ಪ ಹೊತ್ತು ಅವರ ಮುಖ ನೋಡುತ್ತಾ ಕೂತರೆ ನಿಜವಾದ ಮಾತು ಆಗ ಬರುತ್ತದೆ.

ಅಂಕದ ವಿಷಯ. ಚಿತ್ರ ಎಷ್ಟು ನುಣುಪಾಗಿದೆ ಅಂತ ನೋಡಬೇಡಿ, ಒಳ್ಳೆ ಫೋನ್ ಇರುವ ಮಗುವಿಗೆ ಜಾಸ್ತಿ ಅಂಕ ಹೋಗುತ್ತದೆ. ಒಂದು ನೋಟ್‌ಬುಕ್ ಇಡಿಸಿ. ಯಾರನ್ನು ಭೇಟಿಯಾದರು, ಏನು ಕೇಳಿದರು, ಶುರುವಿನಲ್ಲಿ ಅಂದುಕೊಂಡಿದ್ದರಲ್ಲಿ ಏನು ಬದಲಾಯಿತು ಅಂತ ಬರೆಯಲಿ. ಅರ್ಧ ಅಂಕ ಅದಕ್ಕೇ.

ಭೂಗೋಳದ ಮೇಷ್ಟ್ರು:

ಒಂದು ತಕರಾರು ಇದೆ. ಹತ್ತಿರದಿಂದ ಶುರು ಮಾಡಿದ ಮಕ್ಕಳು ಹತ್ತಿರದಲ್ಲೇ ಉಳಿದುಬಿಡುತ್ತಾರೆ. ಫೋನ್ ಬ್ಯಾಟರಿಗೆ ಬಳಸುವ ಕೋಬಾಲ್ಟ್ ಅನ್ನುವ ಲೋಹವನ್ನೇ ನೋಡಿ. ಪ್ರಪಂಚದ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಆಫ್ರಿಕಾದ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. 2022ರಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು, ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ರಿಪೇರಿ ಮೇಜಿನ ಮೇಲೆ ಇದೆಲ್ಲ ಕಾಣುವುದಿಲ್ಲವಲ್ಲ?

ಎಡಿಟಿಂಗ್ ಟೇಬಲ್:

ನಿಜ, ಕಾಣುವುದಿಲ್ಲ. ಅದಕ್ಕೆ ಗೋಡೆಯ ಮೇಲೆ ಒಂದು ಪ್ರಪಂಚದ ನಕ್ಷೆ ಬೇಕು. ಪ್ರತಿ ಪ್ರಶ್ನೆಗೂ ಒಂದು ಪಿನ್. ಹತ್ತಿ ಅಂಗಿ ಹಿಡಿದು ಹೊರಟ ಗುಂಪು ಮಧ್ಯ ಏಷ್ಯಾದ ಅರಾಲ್ ಸಮುದ್ರಕ್ಕೆ ಹೋಗಿ ತಲುಪುತ್ತದೆ. ಒಂದು ಕಾಲಕ್ಕೆ ಪ್ರಪಂಚದ ನಾಲ್ಕನೇ ದೊಡ್ಡ ಸರೋವರ ಅದು. 1960ರ ದಶಕದಿಂದ ಸೋವಿಯತ್ ಸರ್ಕಾರ ಅಮು ದರಿಯಾ, ಸಿರ್ ದರಿಯಾ ನದಿಗಳ ನೀರನ್ನು ಹತ್ತಿ ಬೆಳೆಗೆ ತಿರುಗಿಸಿತು, ಸರೋವರ ಬತ್ತುತ್ತಾ ಹೋಯಿತು. ಅದರ ಉಪಗ್ರಹ ಚಿತ್ರಗಳನ್ನು ವರ್ಷವಾರು ನಾಸಾ ಪ್ರಕಟಿಸಿದೆ, ಯಾರು ಬೇಕಾದರೂ ಬಳಸಬಹುದು. ಹೊರಗಿನ ಚಿತ್ರಗಳನ್ನು ಪೂರ್ತಿ ಬೇಡ ಅನ್ನುವುದಿಲ್ಲ. ಯಾರು ತೆಗೆದದ್ದು, ಎಲ್ಲಿ, ಯಾವಾಗ ಅಂತ ಮಕ್ಕಳು ಹೇಳಬಲ್ಲಂಥದ್ದು ಮಾತ್ರ ಚಿತ್ರದೊಳಗೆ ಬರಲಿ. ಹಿಮಕರಡಿ ಈ ಪರೀಕ್ಷೆ ದಾಟುವುದು ಕಷ್ಟ.

ಬೇರೆ ದೇಶದ ಒಂದು ತರಗತಿಯ ಪರಿಚಯ ಸಿಕ್ಕರಂತೂ ಬಿಡಬೇಡಿ. ಒಂದೇ ವಸ್ತುವಿನ ಬಗ್ಗೆ ಎರಡೂ ಕಡೆಯವರು ಒಂದೊಂದು ನಿಮಿಷ ಚಿತ್ರೀಕರಿಸಿ ಅದಲುಬದಲು ಮಾಡಿಕೊಳ್ಳಲಿ. ಬೇರೆ ದೇಶದವರ ಬಗ್ಗೆ ಮಾತಾಡುವುದಕ್ಕೂ ಅವರ ಜೊತೆ ಮಾತಾಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಶಿಬಿರದ ಕೆಲಸದವಳು:

ನಿರಾಶ್ರಿತರ ಗುಂಪಿನ ಬಗ್ಗೆ ನನ್ನದೊಂದು ಮಾತು. ನಾನು ಅಂಥವರ ಜೊತೆ ಕೆಲಸ ಮಾಡುತ್ತೇನೆ. 2023ರ ಕೊನೆಗೆ ಪ್ರಪಂಚದಲ್ಲಿ 11.73 ಕೋಟಿ ಜನ ಮನೆ ಬಿಟ್ಟು ಓಡಬೇಕಾಗಿ ಬಂದವರು ಅಂತ ವಿಶ್ವಸಂಸ್ಥೆಯ ಲೆಕ್ಕ. ಅವರಲ್ಲಿ ಹಲವರ ಸಂಬಂಧಿಕರು ಇನ್ನೂ ಅಪಾಯದಲ್ಲೇ ಇರುತ್ತಾರೆ. ಒಂದು ಮುಖ, ಒಂದು ಹೆಸರು ಇಂಟರ್ನೆಟ್‌ಗೆ ಹೋದರೆ ಅಲ್ಲಿ ಯಾರಿಗೋ ತೊಂದರೆ ಆಗಬಹುದು. ಕೈ ತೋರಿಸಿ, ಬೆನ್ನು ತೋರಿಸಿ, ದನಿ ಮಾತ್ರ ಬಳಸಿ. ಅವರ ಮಕ್ಕಳನ್ನು ಅಪ್ಪ-ಅಮ್ಮನ ಒಪ್ಪಿಗೆ ಇಲ್ಲದೆ ಚಿತ್ರೀಕರಿಸಲೇಬೇಡಿ. ಇವತ್ತು ಹೂಂ ಅಂದವರು ನಾಳೆ ಬೇಡ ಅಂದರೆ ಅದನ್ನೂ ಕೇಳಬೇಕು.

ಇನ್ನೊಂದು. ಏನು ಕಳೆದುಕೊಂಡಿರಿ ಅಂತಲೇ ಎಲ್ಲರೂ ಕೇಳುತ್ತಾರೆ. ನಿಮಗೆ ಏನು ಕೆಲಸ ಬರುತ್ತದೆ, ನಿಮ್ಮಿಂದ ನಾವು ಏನು ಕಲಿಯಬಹುದು ಅಂತ ನಿಮ್ಮ ಮಕ್ಕಳು ಕೇಳಲಿ.

ಎಡಿಟಿಂಗ್ ಟೇಬಲ್:

ಇದಕ್ಕೆ ನನ್ನದೊಂದು ಸೇರಿಸುತ್ತೇನೆ, ಯಾಕಂದ್ರೆ ನನಗೆ ಇದು ತುಂಬಾ ಮುಖ್ಯ. 1967ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನ ನಿರ್ದೇಶಕ ಕಾಲಿನ್ ಲೋ ಅದೇ ದೇಶದ ನ್ಯೂಫೌಂಡ್‌ಲ್ಯಾಂಡ್ ಪಕ್ಕದ ಫೋಗೊ ದ್ವೀಪಕ್ಕೆ ಹೋದರು. ಮೀನುಗಾರಿಕೆ ಸೊರಗಿತ್ತು, ಜನರನ್ನು ಅಲ್ಲಿಂದ ಬೇರೆಡೆಗೆ ಸಾಗಿಸುವ ಮಾತು ನಡೆದಿತ್ತು. ಅಲ್ಲಿ 27 ಕಿರುಚಿತ್ರಗಳಾದವು. ಮಾತಾಡಿದವರಿಗೇ ಮೊದಲು ತೋರಿಸಿ, ಅವರು ಒಪ್ಪಿದ ಮೇಲೆ ಬೇರೆಯವರಿಗೆ. ದ್ವೀಪದ ಬೇರೆ ಬೇರೆ ಊರಿನವರು ಒಬ್ಬರ ಕಷ್ಟ ಇನ್ನೊಬ್ಬರು ನೋಡಿದರು. ಆಮೇಲೆ ಸರ್ಕಾರದವರು ನೋಡಿದರು. ಸಚಿವರ ಉತ್ತರವನ್ನೂ ಚಿತ್ರೀಕರಿಸಿ ದ್ವೀಪದವರಿಗೆ ತೋರಿಸಿದರು. ಜನ ಮೀನುಗಾರರ ಸಹಕಾರ ಸಂಘ ಕಟ್ಟಿಕೊಂಡರು, ದ್ವೀಪ ಬಿಟ್ಟು ಹೋಗಲಿಲ್ಲ.

ಹಾಗಾಗಿ ಶಾಲೆಯ ವಾರ್ಷಿಕೋತ್ಸವದಲ್ಲಿ ತೋರಿಸುವುದಕ್ಕೆ ಮುಂಚೆ, ಚಿತ್ರದಲ್ಲಿ ಮಾತಾಡಿದವರನ್ನು ಕರೆಸಿ ತೋರಿಸಿ. ತಾವು ಮಾಡಿದ್ದನ್ನು ಅವರ ಎದುರು ಕೂತು ನೋಡುವಾಗ ಮಕ್ಕಳಿಗೆ ಜವಾಬ್ದಾರಿ ಅಂದರೇನು ಅಂತ ತಾನಾಗಿಯೇ ಗೊತ್ತಾಗುತ್ತದೆ.

ಹೈಸ್ಕೂಲ್ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಮವಾರ ಒಂದು ನಿಮಿಷದ ಅಭ್ಯಾಸ ಮಾಡಿಸುತ್ತೇನೆ. ನಕ್ಷೆ ಭೂಗೋಳದ ಕೋಣೆಯಲ್ಲೇ ಇದೆ. ನಿರಾಶ್ರಿತರ ಗುಂಪಿಗೆ ಮೇಲಿನ ಉತ್ತರವನ್ನು ಹಾಗೇ ಓದಿ ಹೇಳುತ್ತೇನೆ. ಪ್ಲಾಸ್ಟಿಕ್ ಗುಂಪಿಗೆ ಯಾವ ವಸ್ತು ಕೊಡಲಿ? ಅವರು ನೀರಿನ ಬಾಟಲಿ ಅನ್ನುತ್ತಿದ್ದಾರೆ.

ಎಡಿಟಿಂಗ್ ಟೇಬಲ್:

ಬಾಟಲಿ ಎಲ್ಲರೂ ಮಾಡುತ್ತಾರೆ. ಪಾಲಿಯೆಸ್ಟರ್ ಬಟ್ಟೆ ಕೊಡಿ, ಅದೂ ಪ್ಲಾಸ್ಟಿಕ್ಕೇ ಅಲ್ವಾ. ಒಗೆದಾಗ ಅದರಿಂದ ಸಣ್ಣ ಎಳೆಗಳು ಉದುರಿ ನೀರಿನ ಜೊತೆ ಹೋಗುತ್ತವೆ. ಗಾಢ ಬಣ್ಣದ ಬಟ್ಟೆ ಒಗೆದ ನೀರನ್ನು ಬಿಳಿ ಫಿಲ್ಟರ್ ಕಾಗದದಲ್ಲಿ ಸೋಸಿ, ಒಣಗಿದ ಮೇಲೆ ಫೋನಿನ ಲೆನ್ಸ್ ಹತ್ತಿರ ಹಿಡಿಯಲಿ. ಲೆನ್ಸ್ ಮೇಲೆ ಸಣ್ಣ ಭೂತಗನ್ನಡಿ ಇಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅದೇ ಅವರ ಮೊದಲ ಶಾಟ್.