ಸಹಾಯ ಬೇಕು: 20 ಸಾವಿರದ ಹೊಸ ಲ್ಯಾಪ್‌ಟಾಪ್ ತಗೊಳ್ಳಲಾ, ಬೇಡ್ವಾ?

ನಮಸ್ಕಾರ. ಮಗಳು ತುಮಕೂರಲ್ಲೇ ಬಿ.ಕಾಂ ಸೇರಿದ್ದಾಳೆ, ಟ್ಯಾಲಿ, ಎಕ್ಸೆಲ್‌ಗೆ ಲ್ಯಾಪ್‌ಟಾಪ್ ಬೇಕಂತೆ. ಕೈಲಿರೋದು 20 ಸಾವಿರ, ಅದೂ ಚೀಟಿ ಎತ್ತಿದ ದುಡ್ಡು.

ಬಿ.ಎಚ್. ರಸ್ತೆಯ ಅಂಗಡೀಲಿ ಹೊಸದೊಂದು ನೋಡಿದ್ವಿ: ಸೆಲೆರಾನ್ ಎನ್4020 ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿಗಿಂತ ನಿಧಾನದ ಸ್ಟೋರೇಜ್). ವಿಂಡೋಸ್ 11ಕ್ಕೆ ಕನಿಷ್ಠ ಬೇಕಿರೋ ಮೆಮೊರಿ, ಸ್ಟೋರೇಜೇ ಅಷ್ಟು! ಅಲ್ಲೇ ಎಕ್ಸೆಲ್ ಜೊತೆ ಕ್ರೋಮ್‌ನಲ್ಲಿ ನಾಲ್ಕು ಟ್ಯಾಬ್ ತೆಗೆದೆ, ನೀಲಿ ಚಕ್ರ ತಿರುಗ್ತಾ ಕೂತ್ಕೊಳ್ತು. ರ‍್ಯಾಮ್ ಬೋರ್ಡಿಗೇ ಬೆಸುಗೆ, ಆಮೇಲೆ ಹಾಕ್ಸಕ್ಕಾಗಲ್ಲ ಅಂತ ಅಂಗಡಿ ಹುಡುಗನೇ ಒಪ್ಕೊಂಡ.

ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಐ5 ಎಂಟನೇ ಜನರೇಷನ್ ಪ್ರೊಸೆಸರ್, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ ಸಿಗುತ್ತೆ. ಆದ್ರೆ ವಾರಂಟಿ ಬರೀ 3 ತಿಂಗಳು, ಬ್ಯಾಟರಿ ಒಂದೂವರೆ ಗಂಟೆ. ನಮ್ಮನೆಯವ್ರು "ಹೊಸದೇ ಇರ್ಲಿ" ಅಂತಾರೆ.

ಮೂರು ವರ್ಷ ತಳ್ಳೋಕೆ ಯಾವುದು ವಾಸಿ? ಹಳೇದಾದ್ರೆ ಅಂಗಡೀಲೇ ಏನೇನು ಚೆಕ್ ಮಾಡ್ಬೇಕು?